ಅದಿರಿಗೆ ಕೂಳೆ ಬೆಳೆ ಇಲ್ಲ: ಗಣಿ ಕಂಪನಿಗೆ ಬೆಲೆ ಕಟ್ಟುವಾಗ ಯಾವ ಲೆಕ್ಕ ಹಿಡಿಯಬೇಕು?

ಮಂಡ್ಯದಿಂದ ಸೋದರಮಾವ ಫೋನ್ ಮಾಡುವುದು ಎರಡೇ ಕಾರಣಕ್ಕೆ. ವಿಸಿ ನಾಲೆಗೆ ನೀರು ಬಿಟ್ಟಿರಬೇಕು, ಇಲ್ಲ ಷೇರಿನ ವಿಷಯ ಇರಬೇಕು. ಈ ಸಲ ಎರಡನೆಯದು. "ಲೋ, ನಮ್ಮ ಜಿಲ್ಲೇಲೇ ಲಿಥಿಯಂ ಸಿಕ್ಕೈತಂತಲ್ಲೋ. ಯಾವ ಷೇರು ತಗಳನಾ?"

ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವನು. ಬ್ಯಾಲೆನ್ಸ್ ಶೀಟ್ ನೋಡುವುದು ದಿನದ ಕೆಲಸ. ಆದರೆ ಗಣಿ ಕಂಪನಿಯ ಲೆಕ್ಕವನ್ನು ಸೋಪು, ಬಿಸ್ಕತ್ತು ಮಾಡುವ ಕಂಪನಿಯ ಲೆಕ್ಕದ ಹಾಗೆ ಓದಲು ಆಗುವುದಿಲ್ಲ. ಮಾವನಿಗೆ ಹೇಳಿದ್ದು ಇಷ್ಟು: ಕಬ್ಬು ಕಡಿದರೆ ಕೂಳೆ ಚಿಗುರುತ್ತದೆ. ಅದಿರು ಕಡಿದರೆ ಗುಂಡಿ ಉಳಿಯುತ್ತದೆ. ತೆಂಗಿನ ತೋಟ ಕೊಳ್ಳುವವನು ವರ್ಷದ ಆದಾಯಕ್ಕೆ ಇಷ್ಟು ಪಟ್ಟು ಅಂತ ಬೆಲೆ ಕಟ್ಟಬಹುದು. ಗಣಿ ಕೊಳ್ಳುವವನು ಮೊದಲು ಕೇಳಬೇಕಾದದ್ದು ಇನ್ನು ಎಷ್ಟು ವರ್ಷ ಅಗೆಯಬಹುದು ಅಂತ.

ಮೊದಲು ಲಿಥಿಯಂ ವಿಷಯ ಮುಗಿಸಿಬಿಡೋಣ. ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಭಾಗದಲ್ಲಿ 14,100 ಟನ್ ಲಿಥಿಯಂ ಇದೆ ಎಂದು 2020ರಲ್ಲಿ ಸುದ್ದಿಯಾಯಿತು. ಮರುವರ್ಷ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಕೊಟ್ಟ ಅಂಕಿ 1,600 ಟನ್. ಅದೂ 'ಇನ್‌ಫರ್ಡ್' ದರ್ಜೆಯದು. ಅಂದರೆ ಅಲ್ಲಲ್ಲಿ ಕೊರೆದು ನೋಡಿ, ನಡುವಿನದನ್ನು ಊಹಿಸಿದ್ದು. ಹುಡುಕಿದ್ದು ಪರಮಾಣು ಖನಿಜ ನಿರ್ದೇಶನಾಲಯ, ಯಾವ ಷೇರು ಕಂಪನಿಯೂ ಅಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ ತಾನೇ? ಜಮ್ಮುವಿನ ರಿಯಾಸಿಯಲ್ಲಿ 2023ರಲ್ಲಿ 59 ಲಕ್ಷ ಟನ್ ಎಂದು ಹೇಳಿದ ಲಿಥಿಯಂ ಅದಿರಿನ ಬ್ಲಾಕ್ ಹರಾಜಿಗೆ ಬಂದಾಗ ಬೇಕಾದಷ್ಟು ಬಿಡ್‌ದಾರರೇ ಬರಲಿಲ್ಲ. ಹರಾಜು ರದ್ದಾಯಿತು.

ಮಾವ ಸುಮ್ಮನಾಗುವ ಆಸಾಮಿ ಅಲ್ಲ. "ಸರಿ, ಕಬ್ಬಿಣದ ಅದಿರಿನವರದ್ದು ಹೆಂಗೆ ನೋಡದು?" ಅಂದರು. ಆ ಭಾನುವಾರ ಮಂಡ್ಯಕ್ಕೆ ಹೋಗಿ, ಅವರ ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹಾಕಿದ ಲೆಕ್ಕ ಇದು.

ಪೂರ್ತಿ ಲೆಕ್ಕ: ವರ್ಷ ವರ್ಷದ ದುಡ್ಡು ಬರೆದು ಇಂದಿನ ಬೆಲೆಗೆ ಇಳಿಸುವುದು

ಇದಕ್ಕೆ ಡಿಸಿಎಫ್ (ಡಿಸ್ಕೌಂಟೆಡ್ ಕ್ಯಾಶ್ ಫ್ಲೋ) ಅನ್ನುತ್ತಾರೆ. ಒಂದೊಂದು ಗಣಿಗೂ ಬೇರೆ ಬೇರೆ ಹೀಗೆ ಮಾಡಿ, ಕೂಡಿಸಿ, ಸಾಲ ಕಳೆದರೆ ಬರುವುದು ಎನ್‌ಎವಿ, ಅಂದರೆ ನಿವ್ವಳ ಆಸ್ತಿ ಮೌಲ್ಯ. ಗಣಿ ಲೋಕದಲ್ಲಿ ದೊಡ್ಡವರು ನಂಬುವುದು ಇದನ್ನೇ. ಕಷ್ಟ ಅಂತ ಹೆದರಬೇಡಿ, ಪೆನ್ಸಿಲ್ಲಿನಲ್ಲೇ ಮಾಡಬಹುದು.

ಸಂಡೂರಿನ ಕಡೆ ಒಂದು ಗಣಿ ಇದೆ ಎಂದುಕೊಳ್ಳಿ. ಇದು ಕಾಲ್ಪನಿಕ ಗಣಿ, ಅಂಕಿಗಳೂ ನಾನೇ ಇಟ್ಟುಕೊಂಡವು. ವರ್ಷಕ್ಕೆ 10 ಲಕ್ಷ ಟನ್ ಅದಿರು. ಲೀಸ್ ಇನ್ನೂ 10 ವರ್ಷ. ಟನ್ನಿಗೆ 4,000 ರೂಪಾಯಿ. ಕಬ್ಬಿಣದ ಅದಿರಿಗೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿ ಸರಾಸರಿ ಮಾರಾಟ ಬೆಲೆಯ ಶೇ 15, ಅಲ್ಲಿಗೆ 600 ಹೋಯಿತು. 2015ರ ಜನವರಿಗೆ ಮುಂಚಿನ ಲೀಸ್ ಆದರೆ, ಗಣಿಯಿಂದ ತೊಂದರೆಗೊಳಗಾದ ಊರುಗಳಿಗೆಂದು ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ರಾಯಲ್ಟಿಯ ಶೇ 30, ಅದು 180. ಅಗೆಯುವುದು, ಒಡೆಯುವುದು, ಲೋಡ್ ಮಾಡುವುದು, ಆಫೀಸು, ಉಳಿದ ಸಣ್ಣಪುಟ್ಟ ಕಡಿತ ಎಲ್ಲ ಸೇರಿ 1,220. ಉಳಿದದ್ದು 2,000. ತೆರಿಗೆ ಕಾಲು ಭಾಗ ಕಳೆದರೆ 1,500. ವರ್ಷಕ್ಕೆ 150 ಕೋಟಿ. ಯಂತ್ರಗಳ ದುರಸ್ತಿ, ಬದಲಾವಣೆಗೆ 10 ಕೋಟಿ ತೆಗೆದರೆ ಕೈಗೆ 140 ಕೋಟಿ. ಸವಕಳಿಯ ಲೆಕ್ಕ ಬಿಟ್ಟಿದ್ದೇನೆ, ನೋಟ್‌ಬುಕ್ಕಿಗೆ ಇಷ್ಟು ಸಾಕು.

ಹತ್ತು ವರ್ಷದ 140 ಕೋಟಿಗಳನ್ನು ಶೇ 12ರ ದರದಲ್ಲಿ (ಹಾಕಿದ ದುಡ್ಡಿಗೆ ವರ್ಷಕ್ಕೆ ನಾವು ಬಯಸುವ ಗಳಿಕೆ) ಇಂದಿಗೆ ಇಳಿಸಿದರೆ 791 ಕೋಟಿ.

ಮಾವ ತಕ್ಷಣ ಕೇಳಿದ್ದು, "ಲೀಸ್ ಇಪ್ಪತ್ತು ವರ್ಷ ಇದ್ರೆ ಡಬ್ಬಲ್ಲಾ?" ಅಲ್ಲ. 1,046 ಕೋಟಿ ಅಷ್ಟೇ. ಅದೇ ಐದೇ ವರ್ಷ ಇದ್ದರೆ 505 ಕೋಟಿ. ಅಂದರೆ ಹತ್ತಿರದ ಐದು ವರ್ಷ ಕಳೆದುಕೊಂಡರೆ ಆಗುವ ನಷ್ಟ, ದೂರದ ಹತ್ತು ವರ್ಷ ಸಿಕ್ಕಿದರೆ ಆಗುವ ಲಾಭಕ್ಕಿಂತ ಜಾಸ್ತಿ. ಗಣಿ ಮುಗಿಯುವುದೇ ಇಲ್ಲ ಎಂದು ಹಿಡಿದರೂ ಬೆಲೆ 1,167 ಕೋಟಿ ದಾಟುವುದಿಲ್ಲ. ಹಾಗಾಗಿ 'ನಮ್ಮಲ್ಲಿ ನೂರು ವರ್ಷದ ಅದಿರಿದೆ' ಎಂದು ಯಾರಾದರೂ ಹೇಳಿದರೆ, ಇಪ್ಪತ್ತು ವರ್ಷದ ಆಚೆಯದ್ದಕ್ಕೆ ಇಲ್ಲಿ ಸಿಕ್ಕುವುದು 121 ಕೋಟಿ ಎಂದು ನೆನಪಿಟ್ಟುಕೊಳ್ಳಿ.

ಈಗ ಅದಿರಿನ ಬೆಲೆ ಕಾಲು ಭಾಗ ಇಳಿಸೋಣ, 3,000. ರಾಯಲ್ಟಿ, ಪ್ರತಿಷ್ಠಾನದ ಪಾಲು ಕೂಡ ಇಳಿಯುತ್ತವೆ. ಆದರೆ 1,220ರ ಖರ್ಚು ಇಳಿಯುವುದಿಲ್ಲ. ಗಣಿಯ ಬೆಲೆ 791ರಿಂದ 450 ಕೋಟಿಗೆ ಬಂತು. ಅದಿರು ಬಿದ್ದದ್ದು ಶೇ 25, ಗಣಿ ಬಿದ್ದದ್ದು ಶೇ 43. ಈ ಸಾಲಿನ ಕೆಳಗೆ ಮಾವ ಎರಡು ಗೆರೆ ಎಳೆದರು.

ಇಲ್ಲಿ ಲೆಕ್ಕದ ಹುಡುಗರೂ ಎಡವುವ ಜಾಗ ಒಂದಿದೆ. ಅದಿರಿನ ಬೆಲೆಯನ್ನು ಹತ್ತು ವರ್ಷ 4,000ದಲ್ಲೇ ನಿಲ್ಲಿಸಿದೆವು, ಅಂದರೆ ಹಣದುಬ್ಬರ ಸೇರಿಸಲಿಲ್ಲ. ಆದರೆ ಶೇ 12ರ ದರದಲ್ಲಿ ಹಣದುಬ್ಬರ ಸೇರಿದೆ. ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಸೇರಿಸಿದರೆ ಗಣಿಗೆ ಅನ್ಯಾಯ. ಬೆಲೆ ಇಂದಿನದ್ದೇ ಇಟ್ಟರೆ ದರವನ್ನೂ ಶೇ 8ರ ಆಸುಪಾಸಿಗೆ ಇಳಿಸಬೇಕು. ಆಗ ಇದೇ ಗಣಿ 939 ಕೋಟಿ. ಎರಡು ಬ್ರೋಕರ್ ವರದಿಗಳಲ್ಲಿ ಒಂದೇ ಕಂಪನಿಗೆ ಅಜಗಜಾಂತರ ಬೆಲೆ ಕಂಡರೆ, ಅದಿರಿನ ಬಗ್ಗೆ ಜಗಳ ಇಲ್ಲದೆಯೂ ಹಾಗಾಗಿರಬಹುದು.

ಲೀಸ್ ಪತ್ರ

ನನ್ನ ಕೇಳಿದರೆ ನಮ್ಮ ರಾಜ್ಯದ ಗಣಿಗೆ ಬೆಲೆ ಕಟ್ಟುವಾಗ ಭೂಗರ್ಭ ಶಾಸ್ತ್ರಕ್ಕಿಂತ ಲೀಸ್ ಪತ್ರ ಮುಖ್ಯ. ಕುದುರೆಮುಖದಲ್ಲಿ ಅದಿರು ಮುಗಿದು ಗಣಿ ನಿಂತದ್ದಲ್ಲ. ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ನಿಂತಿತು. ಬಳ್ಳಾರಿಯಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮತ್ತೆ ಶುರುವಾದಾಗ ಜಿಲ್ಲೆಗೆ ಇಂತಿಷ್ಟೇ ಟನ್ ಎಂಬ ಮಿತಿ ಬಂತು. ನಮ್ಮ ಬಾಗಿಲಿನ ಉದಾಹರಣೆ ಬೇಕೆಂದರೆ, 2024ರ ಜನವರಿಯಲ್ಲಿ ಹೈಕೋರ್ಟ್ ಕೆಆರ್‌ಎಸ್ ಅಣೆಕಟ್ಟೆಯ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ಬೇಡ ಅಂದಿತು. ಬೇಬಿ ಬೆಟ್ಟದ ಕಲ್ಲು ನಿನ್ನೆ ಇದ್ದಷ್ಟೇ ಇತ್ತು. ಕ್ವಾರಿಯ ಬೆಲೆ ಮಾತ್ರ ಇರಲಿಲ್ಲ.

ದೋಣಿಮಲೈ ಕತೆ ಲೆಕ್ಕಕ್ಕೆ ಇನ್ನೂ ಚೆನ್ನಾಗಿ ಸಿಗುತ್ತದೆ. ಅದು ಸಂಡೂರಿನ ಕಡೆಯ ಕಬ್ಬಿಣದ ಗಣಿ, ಕೇಂದ್ರ ಸರ್ಕಾರದ ಕಂಪನಿ ಎನ್‌ಎಂಡಿಸಿಯದು. ಆ ಲೀಸ್ 2018ರ ನವೆಂಬರಿನಲ್ಲಿ ಮುಗಿಯಿತು. ಮುಂದುವರಿಸಲು ರಾಜ್ಯ ಸರ್ಕಾರ ಶೇ 80 ಪ್ರೀಮಿಯಂ ಕೇಳಿತು, ಅಂದರೆ ರಾಯಲ್ಟಿಯ ಜೊತೆಗೆ ಮಾರಾಟ ಬೆಲೆಯಲ್ಲಿ ಇನ್ನೊಂದು ಪಾಲು. ಕಂಪನಿ ಒಪ್ಪಲಿಲ್ಲ, ಗಣಿ ನಿಂತಿತು. ಕೊನೆಗೆ ಶೇ 22.5ಕ್ಕೆ ಮಾತು ಮುಗಿದು 2021ರ ಫೆಬ್ರುವರಿಯಲ್ಲಿ ಕೆಲಸ ಶುರುವಾಯಿತು. ನಮ್ಮ ನೋಟ್‌ಬುಕ್ ಗಣಿಯಲ್ಲಿ ಹತ್ತು ವರ್ಷದ ಪೈಕಿ ಮೊದಲ ಎರಡು ವರ್ಷ ಹೀಗೆ ನಿಂತರೆ 791 ಕೋಟಿ 554ಕ್ಕೆ ಇಳಿಯುತ್ತದೆ. ಪ್ರೀಮಿಯಂ ಶೇ 22.5 ಅಂದರೆ ಟನ್ನಿಗೆ ಇನ್ನೂ 900 ರೂಪಾಯಿ.

ಗಣಿ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ನಂತರ ಹೊಸ ಲೀಸ್ ಹರಾಜಿನಲ್ಲೇ ಬರಬೇಕು. ನಮ್ಮ ಗಣಿ ಹರಾಜಿನದ್ದಾಗಿ, ಪ್ರೀಮಿಯಂ ಶೇ 50 ಎಂದುಕೊಳ್ಳಿ. 4,000ದಲ್ಲಿ 2,000 ಪ್ರೀಮಿಯಂ, 600 ರಾಯಲ್ಟಿ, ಪ್ರತಿಷ್ಠಾನಕ್ಕೆ 60 (ಹರಾಜಿನ ಲೀಸಿಗೆ ಶೇ 10 ಸಾಕು), 1,220 ಖರ್ಚು. ಉಳಿಯುವುದು 120 ರೂಪಾಯಿ. ಅದೇ ಗುಡ್ಡ, ಅದೇ ಅದಿರು. ಹಾಗಿದ್ದೂ 2020ರಲ್ಲಿ ಒಡಿಶಾದ ಹರಾಜಿನಲ್ಲಿ ಶೇ 100 ದಾಟಿದ ಬಿಡ್‌ಗಳು ಬಂದವು. ಅಂಥವರಿಗೆ ಲಾಭ ಅದಿರಿನಲ್ಲಿ ಅಲ್ಲ, ಏನಿದ್ದರೂ ಉಕ್ಕಿನಲ್ಲಿ. ಆದ್ದರಿಂದ ಹಳೇ ಲೀಸಿನ ಕಂಪನಿಯನ್ನೂ ಹರಾಜಿನ ಲೀಸಿನ ಕಂಪನಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ತಾರೀಖೂ ನೋಡಿ. ಆ ತಿದ್ದುಪಡಿಗೆ ಮುಂಚಿನ ಬಹುಪಾಲು ಖಾಸಗಿ ವ್ಯಾಪಾರಿ ಲೀಸ್‌ಗಳು 2020ರ ಮಾರ್ಚ್ 31ಕ್ಕೆ ಮುಗಿದವು. ಸ್ವಂತ ಕಾರ್ಖಾನೆಗೆಂದು ಅಗೆಯುವ ಹಳೇ ಲೀಸ್‌ಗಳಿಗೆ 2030ರ ಮಾರ್ಚ್ 31ರ ಗಡುವು ಇದೆ. ಇನ್ನೊಂದು, 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ರಾಯಲ್ಟಿ ತೆರಿಗೆಯಲ್ಲ, ಖನಿಜ ಹಕ್ಕಿನ ಮೇಲೆ ರಾಜ್ಯಗಳು ಬೇರೆ ತೆರಿಗೆ ಹಾಕಬಹುದು ಎಂದು ಬಹುಮತದಿಂದ ಹೇಳಿತು. ಲೆಕ್ಕದಲ್ಲಿ ಅದಕ್ಕೊಂದು ಖಾಲಿ ಸಾಲು ಬಿಟ್ಟಿರಿ.

ಪಿಇ: ಸುಲಭ, ಅದಕ್ಕೇ ಅಪಾಯ

ಷೇರಿನ ಬೆಲೆ ಒಂದು ವರ್ಷದ ಲಾಭದ ಎಷ್ಟು ಪಟ್ಟು ಎಂಬುದೇ ಪಿಇ. ಇದರಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ. 2021ರ ಮೇ ತಿಂಗಳು. ಕಬ್ಬಿಣದ ಅದಿರು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಟನ್ನಿಗೆ 230 ಡಾಲರ್ ಮುಟ್ಟಿತ್ತು. ಒಂದು ಕಂಪನಿಯ ಪಿಇ ನಾಲ್ಕು ಚಿಲ್ಲರೆ ಇತ್ತು. ನಾಲ್ಕು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಅಂತ ಲೆಕ್ಕ ಹಾಕಿ ಕೊಂಡೆ. ನವೆಂಬರ್ ಹೊತ್ತಿಗೆ ಅದಿರು 100 ಡಾಲರಿಗಿಂತ ಕೆಳಗೆ. ಮರುವರ್ಷ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿತು. ನವೆಂಬರಿನಲ್ಲಿ ಅದನ್ನು ಇಳಿಸುವಷ್ಟರಲ್ಲಿ ನಾನು ಬೇಜಾರಾಗಿ ಮಾರಿಬಿಟ್ಟಿದ್ದೆ. ತಪ್ಪು ಕಂಪನಿಯದ್ದಲ್ಲ, ನನ್ನ ಲೆಕ್ಕದ್ದು.

ನೋಟ್‌ಬುಕ್ ಗಣಿಯಲ್ಲೇ ನೋಡಿ. ಅದಿರು 6,000 ಇದ್ದಾಗ ವರ್ಷದ ಲಾಭ ಸುಮಾರು 271 ಕೋಟಿ. ಮಾರುಕಟ್ಟೆ ಆ ಕಂಪನಿಗೆ 1,200 ಕೋಟಿ ಕೊಟ್ಟರೆ ಪಿಇ 4.4. ಅಗ್ಗ ಅನ್ನಿಸುತ್ತದೆ. ಅದಿರು 3,000ಕ್ಕೆ ಬಿದ್ದಾಗ ಲಾಭ 90 ಕೋಟಿ. ಷೇರು ಬಿದ್ದು ಕಂಪನಿಯ ಬೆಲೆ 900 ಕೋಟಿಗೆ ಇಳಿದರೂ ಪಿಇ 10. ದುಬಾರಿ ಅನ್ನಿಸುತ್ತದೆ. ಅಗ್ಗ ಕಂಡಾಗ ಕೊಂಡವನು ಸೋತ. ಹಾಗಾಗಿ ಪಿಇ ನೋಡಲೇಬೇಕು ಅಂದರೆ ಏಳೆಂಟು ವರ್ಷದ ಸರಾಸರಿ ಲಾಭದ ಮೇಲೆ ನೋಡಿ. ಹೋದ ವರ್ಷದ ಲಾಭ ಒಂದನ್ನೇ ಹಿಡಿದು ಯಾವತ್ತೂ ಬೇಡ.

ಇವಿ-ಎಬಿಟ್ಡಾ

ಸಾಲವೂ ಸೇರಿದ ಕಂಪನಿಯ ಒಟ್ಟು ಬೆಲೆ (ಇವಿ), ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭದ (ಎಬಿಟ್ಡಾ) ಎಷ್ಟು ಪಟ್ಟು ಎಂದು ನೋಡುವುದು. ಸಾಲ, ಸವಕಳಿ, ತೆರಿಗೆಯ ಗೊಂದಲ ತಪ್ಪಿಸುತ್ತದೆ ಎಂದು ವರದಿಗಳಲ್ಲಿ ಇದೇ ಜಾಸ್ತಿ. ನಮ್ಮ ಗಣಿಯ ಎಬಿಟ್ಡಾ 200 ಕೋಟಿ. ಮೊದಲು ಮಾಡಿದ ಪೂರ್ತಿ ಲೆಕ್ಕದ ಜೊತೆ ತೂಗಿದರೆ, ಲೀಸ್ ಐದು ವರ್ಷ ಇದ್ದಾಗ ನ್ಯಾಯವಾದ ಬೆಲೆ ಎರಡೂವರೆ ಪಟ್ಟು, ಹತ್ತು ವರ್ಷಕ್ಕೆ ನಾಲ್ಕು ಪಟ್ಟು, ಇಪ್ಪತ್ತು ವರ್ಷಕ್ಕೆ ಐದು ಪಟ್ಟು ಚಿಲ್ಲರೆ. 'ಇದು ಮೂರು ಪಟ್ಟಿಗೆ ಸಿಗುತ್ತೆ, ಅದು ಐದು ಪಟ್ಟು, ಇದೇ ಅಗ್ಗ' ಎಂದರೆ ಅರ್ಥವೇ ಇಲ್ಲ. ಒಂದೇ ಲೋಹ, ಹತ್ತಿರ ಹತ್ತಿರ ಒಂದೇ ಲೀಸ್ ಅವಧಿ ಇದ್ದರೆ ಮಾತ್ರ ಈ ಹೋಲಿಕೆ ನಡೆಯುತ್ತದೆ. ಗಣಿ, ಕಾರ್ಖಾನೆ, ಎಣ್ಣೆ ಬಾವಿ ಎಲ್ಲ ಒಂದೇ ಸೂರಿನಡಿ ಇರುವ ಕಂಪನಿಗೆ ಒಂದೊಂದು ಭಾಗಕ್ಕೂ ಬೇರೆ ಬೇರೆ ಬೆಲೆ ಕಟ್ಟಿ ಕೂಡಿಸದೆ ವಿಧಿಯಿಲ್ಲ.

ಟನ್ ಲೆಕ್ಕ

ಕಂಪನಿಯ ಬೆಲೆಯನ್ನು ನೆಲದಡಿಯ ಅದಿರಿನಿಂದ ಭಾಗಿಸಿ, ಟನ್ನಿಗೆ ಇಷ್ಟು ಎಂದು ಹೇಳುವುದು. ಇನ್ನೂ ಅಗೆಯಲು ಶುರು ಮಾಡದ ಕಂಪನಿಗೆ ಲಾಭವೇ ಇರುವುದಿಲ್ಲವಲ್ಲ, ಆಗ ಬೇರೆ ದಾರಿ ಇಲ್ಲ. ಆದರೆ ಯಾವ ಟನ್ ಅಂತ ಕೇಳಲೇಬೇಕು. ನಮ್ಮ ದೇಶದಲ್ಲಿ ಶೋಧನೆಗೆ ಜಿ4ರಿಂದ ಜಿ1ರವರೆಗೆ ನಾಲ್ಕು ಹಂತ. ಜಿ4 ಅಂದರೆ ಮೇಲುಮೇಲಿನ ಸಮೀಕ್ಷೆ, ಜಿ1 ಅಂದರೆ ವಿವರವಾಗಿ ಕೊರೆದು ನೋಡಿದ್ದು. ಮಂಡ್ಯದ ಲಿಥಿಯಂ ಅಂಕಿ ಜಿ3ರದ್ದು. ಅದರ ಮೇಲೂ, ಈಗಿನ ಬೆಲೆಗೆ ತೆಗೆದರೆ ಲಾಭ ಬರುತ್ತದೆ ಎಂದು ಸಾಬೀತಾದರೆ ಮಾತ್ರ 'ರಿಸರ್ವ್'. ಅಲ್ಲಿಯವರೆಗೆ ಅದು ಬರೀ 'ರಿಸೋರ್ಸ್'. ಇಂಡೋನೇಷ್ಯಾದ ಬುಸಾಂಗ್‌ನಲ್ಲಿ ಚಿನ್ನ ಇದೆ ಎಂದು ಕೆನಡಾದ ಬ್ರೀ-ಎಕ್ಸ್ ಕಂಪನಿಯ ಷೇರು ಆಕಾಶಕ್ಕೆ ಏರಿತ್ತು. ಕೊರೆದು ತೆಗೆದ ಮಾದರಿಗೆ ಹೊರಗಿನಿಂದ ಚಿನ್ನದ ಪುಡಿ ಬೆರೆಸಿದ್ದರು ಎಂದು 1997ರಲ್ಲಿ ಬಯಲಾಯಿತು. ಕೆನಡಾದ ವರದಿ ನಿಯಮಗಳು ಬಿಗಿಯಾದದ್ದು ಆ ಮೇಲೆ.

ನಿಜವಾಗಿ ಇರುವ ಟನ್ನಿನಲ್ಲೂ ವ್ಯತ್ಯಾಸ ಇದೆ. ಶೇ 63 ಕಬ್ಬಿಣಾಂಶದ ಟನ್ನೂ, ಶೇ 45ರ ಟನ್ನೂ ಒಂದಲ್ಲ. ರೈಲ್ವೆ ಸೈಡಿಂಗ್ ಪಕ್ಕದ ಗುಡ್ಡವೂ, ಐವತ್ತು ಕಿ.ಮೀ. ಲಾರಿ ಓಡಿಸಬೇಕಾದ ಗುಡ್ಡವೂ ಒಂದಲ್ಲ. ಆಲೆಮನೆ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿನ ತೂಕ ಒಂದೇ ಇದ್ದರೂ ಇಳುವರಿಯ ಬೆಲ್ಲ ಬೇರೆ.

ಡಿವಿಡೆಂಡ್ ನೋಡಿ ಕೊಳ್ಳುವುದು

ನಿವೃತ್ತರಿಗೆ ಇಷ್ಟವಾದ ದಾರಿ, ಮಾವನಿಗೂ. ಕೋಲ್ ಇಂಡಿಯಾ, ಎನ್‌ಎಂಡಿಸಿ, ಹಿಂದೂಸ್ತಾನ್ ಜಿಂಕ್ ಎಲ್ಲ ಚೆನ್ನಾಗಿ ಕೊಡುವವರೇ. ಬ್ಯಾಂಕಿನ ಬಡ್ಡಿಗೆ ಇದನ್ನು ಹೋಲಿಸುತ್ತಾರೆ. ಠೇವಣಿಯಲ್ಲಿ ಅಸಲು ಹಾಗೇ ಇರುತ್ತದೆ. ಗಣಿಯ ಡಿವಿಡೆಂಡಿನಲ್ಲಿ ಸ್ವಲ್ಪ ಅಸಲೂ ಸೇರಿ ಬರುತ್ತಿರುತ್ತದೆ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಗಣಿಯಷ್ಟು ಇನ್ನೆಲ್ಲೂ ಸರಿಹೊಂದುವುದಿಲ್ಲ. ನಮ್ಮ ಹತ್ತು ವರ್ಷದ ಗಣಿಯನ್ನು 791 ಕೋಟಿಗೆ ಕೊಂಡರೆ ವರ್ಷಕ್ಕೆ ಶೇ 17ಕ್ಕೂ ಜಾಸ್ತಿ ಕೈಗೆ ಬರುತ್ತದೆ. ಆದರೆ ನಿಜವಾದ ಗಳಿಕೆ ಶೇ 12. ಉಳಿದದ್ದು ನಿಮ್ಮ ದುಡ್ಡೇ ನಿಮಗೆ ವಾಪಸ್.

2022-23ರಲ್ಲಿ ಹಿಂದೂಸ್ತಾನ್ ಜಿಂಕ್ ಷೇರೊಂದಕ್ಕೆ 75.50 ರೂಪಾಯಿ ಹಂಚಿತು, ಆ ವರ್ಷದ ಲಾಭಕ್ಕಿಂತ ಎಷ್ಟೋ ಹೆಚ್ಚು. ಒಂದು ವರ್ಷದ ಅಂಥ ಅಂಕಿ ಹಿಡಿದು ಮುಂದೆಯೂ ಹೀಗೇ ಎಂದುಕೊಳ್ಳುವುದು ತಪ್ಪು. ಹಾಗೆ ಹಂಚಿದಾಗ ಪುಸ್ತಕದ ಮೌಲ್ಯ ಕರಗುತ್ತದೆ, ಷೇರಿನ ಬೆಲೆ ಪುಸ್ತಕದ ಮೌಲ್ಯದ ಎಷ್ಟು ಪಟ್ಟು ಎಂದು ಹೇಳುವ ಪಿಬಿ ಅನುಪಾತ ಉಬ್ಬುತ್ತದೆ. ಗಣಿ ಕಂಪನಿಗೆ ಪಿಬಿ ನಾನು ನೋಡುವುದೇ ಇಲ್ಲ. ನೆಲದಡಿಯ ಅದಿರಿನ ಇಂದಿನ ಬೆಲೆ ಆ ಪುಸ್ತಕದಲ್ಲಿ ಇರುವುದೇ ಇಲ್ಲವಲ್ಲ.

ಮುಚ್ಚಿದ ಗಣಿಗೂ ಬೆಲೆ ಇದೆಯೇ?

ಇಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಕತೆಯೊಂದು ಬರುತ್ತದೆ. 1902ರಲ್ಲಿ ಶಿವನಸಮುದ್ರದ ಬ್ಲಫ್‌ನಲ್ಲಿ ಕರೆಂಟು ಹುಟ್ಟಿದ್ದು ಮೈಸೂರಿಗೆ ದೀಪ ಹಚ್ಚಲು ಅಲ್ಲ. ಸುಮಾರು 147 ಕಿ.ಮೀ. ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಆಳಕ್ಕೆ ಹೋದಷ್ಟೂ ಅದಿರನ್ನೂ ನೀರನ್ನೂ ಮೇಲೆತ್ತಲು, ಗಾಳಿ ಬಿಡಲು ಖರ್ಚು ಏರುತ್ತದೆ. ಆಗ ಅಗ್ಗದ ಕರೆಂಟು ಗಣಿಯ ಆಯಸ್ಸನ್ನೇ ಹೆಚ್ಚಿಸಿತು. ಆಮೇಲೆ ಗಣಿ ಮೂರು ಕಿ.ಮೀ.ಗೂ ಆಳಕ್ಕೆ ಇಳಿಯಿತು. 2001ರ ಫೆಬ್ರುವರಿ 28ಕ್ಕೆ ಮುಚ್ಚಿದಾಗ ಚಿನ್ನ ಔನ್ಸಿಗೆ 270 ಡಾಲರ್ ಆಸುಪಾಸು. ತೆಗೆಯುವ ಖರ್ಚು ಸಿಗುವ ಬೆಲೆಯನ್ನು ದಾಟಿತ್ತು. 2025ರ ಅಕ್ಟೋಬರಿನಲ್ಲಿ ಚಿನ್ನ 4,000 ಡಾಲರ್ ದಾಟಿತು.

ಡಿಸಿಎಫ್ ಪ್ರಕಾರ 2001ರಲ್ಲಿ ಆ ಗಣಿಯ ಬೆಲೆ ಸೊನ್ನೆ, ಅಥವಾ ಸೊನ್ನೆಗಿಂತ ಕಡಿಮೆ. ಆದರೆ ಬೆಲೆ ಏರಿದರೆ ತೆರೆಯಬಹುದು, ಇಳಿದರೆ ಮುಚ್ಚಬಹುದು ಎಂಬ ಹಕ್ಕಿಗೇ ಒಂದು ಬೆಲೆ ಇದೆ. ಇದನ್ನು ರಿಯಲ್ ಆಪ್ಷನ್ ಅನ್ನುತ್ತಾರೆ. ಗಣಿಗೆ ಇದನ್ನು ಲೆಕ್ಕ ಹಾಕುವ ದಾರಿಯನ್ನು ಬ್ರೆನನ್ ಮತ್ತು ಶ್ವಾರ್ಟ್ಜ್ ಎಂಬ ಇಬ್ಬರು ಹಣಕಾಸು ವಿದ್ವಾಂಸರು 1985ರಲ್ಲೇ ತೋರಿಸಿದರು. ಸಣ್ಣ ಹೂಡಿಕೆದಾರರಿಗೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಗಣಿತ ಕಷ್ಟ ಅನ್ನುವುದಕ್ಕಲ್ಲ. ಯಾವ ಕಳಪೆ ಗಣಿಗೂ 'ಮುಂದೆ ಬೆಲೆ ಬರಬಹುದು' ಎಂದು ಅಂಕಿ ಹುಟ್ಟಿಸಲು ಇದು ನೆಪವಾಗುತ್ತದೆ. ಲಿಥಿಯಂ ಕಾರ್ಬೊನೇಟ್ 2022ರ ಕೊನೆಯಲ್ಲಿ ಚೀನಾದಲ್ಲಿ ಟನ್ನಿಗೆ 6 ಲಕ್ಷ ಯುವಾನ್ ಹತ್ತಿರ ಹೋಗಿ, 2024ರ ಆರಂಭಕ್ಕೆ 1 ಲಕ್ಷದ ಕೆಳಗೆ ಬಂತು. ಬರಬಹುದು ಅನ್ನುವ ಬೆಲೆ ಹೋಗಲೂಬಹುದು.

ಚಿನ್ನದ ಕಂಪನಿ ನೋಡುವವರು ಇನ್ನೊಂದು ಅಂಕಿ ಹುಡುಕಿ: ಎಐಎಸ್‌ಸಿ. ಒಂದು ಔನ್ಸ್ ತೆಗೆದು, ಗಣಿಯನ್ನೂ ನಡೆಸಿಕೊಂಡು ಹೋಗಲು ಎಲ್ಲ ಸೇರಿ ಆಗುವ ಖರ್ಚು. 2013ರಿಂದ ಬಳಕೆಗೆ ಬಂದಿದೆ. ಹಾಂ, ನಮ್ಮ ಹಟ್ಟಿ ಚಿನ್ನದ ಗಣಿ ರಾಜ್ಯ ಸರ್ಕಾರದ್ದು, ಷೇರು ಪೇಟೆಯಲ್ಲಿ ಸಿಗುವುದಿಲ್ಲ. ಇದನ್ನು ಕೇಳದವರೇ ಇಲ್ಲ.

ಹಾಗಾದರೆ ಯಾರಿಗೆ ಯಾವುದು?

ನಡೆಯುತ್ತಿರುವ, ಲೀಸ್ ಗಟ್ಟಿಯಾಗಿರುವ ಗಣಿಗೆ ನೋಟ್‌ಬುಕ್ಕಿನ ಡಿಸಿಎಫ್. ಬೆಲೆಯನ್ನು ಮೂರು ರೀತಿ ಇಟ್ಟು ನೋಡಿ, ಕೆಳಗಿನ ಬೆಲೆಯಲ್ಲೂ ಸಾಲ ತೀರಿಸುವ ಶಕ್ತಿ ಇದೆಯೇ ಎಂದು ಮೊದಲು ನೋಡಿ. ಸಮಯ ಇಲ್ಲದವರಿಗೆ ಸರಾಸರಿ ಲಾಭದ ಮೇಲಿನ ಇವಿ-ಎಬಿಟ್ಡಾ, ಪಕ್ಕದಲ್ಲಿ ಲೀಸ್ ತಾರೀಖು ಬರೆದುಕೊಂಡು. ಪಿಂಚಣಿಗೆ ಪೂರಕವಾಗಿ ಡಿವಿಡೆಂಡ್ ಬೇಕಾದವರು ಒಂದಕ್ಕಿಂತ ಹೆಚ್ಚು ಗಣಿ, ಉದ್ದ ಲೀಸ್ ಇರುವ ಕಂಪನಿಯನ್ನೇ ನೋಡಲಿ. ಬರೀ ಶೋಧನೆಯಲ್ಲಿರುವ ಕಂಪನಿಗೆ ಟನ್ ಲೆಕ್ಕ, ಅದೂ ಕಳೆದುಕೊಂಡರೆ ನಿದ್ದೆ ಕೆಡದಷ್ಟು ದುಡ್ಡಿಗೆ.

ವಾರ್ಷಿಕ ವರದಿ ತೆರೆದಾಗ ನಾನು ಮೊದಲು ನೋಡುವುದು ಲೀಸ್‌ಗಳ ಪಟ್ಟಿ, ಆಮೇಲೆ 'ಕಂಟಿಂಜೆಂಟ್ ಲಯಬಿಲಿಟಿ', ಅಂದರೆ ಮುಂದೆ ಕಟ್ಟಬೇಕಾಗಿ ಬರಬಹುದಾದ ಬಾಕಿಗಳ ಟಿಪ್ಪಣಿ. ಕೋರ್ಟಿನಲ್ಲಿರುವ ರಾಯಲ್ಟಿ ಜಗಳ, ಅರಣ್ಯ ಇಲಾಖೆಯ ಬೇಡಿಕೆ ಎಲ್ಲ ಅಲ್ಲೇ ಸಣ್ಣ ಅಕ್ಷರದಲ್ಲಿ ಕೂತಿರುತ್ತವೆ. ಅದಿರಿನ ಮಾರಾಟ ಬೆಲೆಗೆ ಭಾರತೀಯ ಗಣಿ ಬ್ಯೂರೊ ಪ್ರತಿ ತಿಂಗಳು ರಾಜ್ಯವಾರು, ದರ್ಜೆವಾರು ಸರಾಸರಿ ಪ್ರಕಟಿಸುತ್ತದೆ. ಪುಕ್ಕಟೆ ಸಿಗುತ್ತದೆ. ಕಂಪನಿಯವರು ಹೇಳುವ ಬೆಲೆಗಿಂತ ನಾನು ಲೆಕ್ಕಕ್ಕೆ ಹಾಕುವುದು ಅದನ್ನೇ.

ಮಾವ ನೋಟ್‌ಬುಕ್ ಮಡಚಿದರು. "ಲಿಥಿಯಂಗೆ ಏನೂ ಬರೀಲೇ ಇಲ್ವಲ್ಲೋ?" ಅಂದರು. ಆ ಹಾಳೆ ಖಾಲಿ ಬಿಟ್ಟಿದ್ದೇನೆ. ಜಿ1 ಆಗಲಿ, ಆಮೇಲೆ ನೋಡೋಣ ಅಂದೆ. ಮರುದಿನ ಅದರಲ್ಲೇ ಹಾಲಿನ ಲೆಕ್ಕ ಮುಂದುವರಿಸಿದ್ದಾರೆ.